ಆಟಿ ಮುಗಿಯುವುದರೊಳಗೆ 11 ಹ್ಯಾಪ್ಟಿಕ್ ಪ್ಯಾಡಲ್: ದೇಣಿಗೆ ಮನವಿ

ಮಾನ್ಯ ದಾನಿಗಳೇ, ಹಳೆ ವಿದ್ಯಾರ್ಥಿಗಳೇ,

ಉಡುಪಿಯ ಈ ಮಳೆಗೆ ನಮ್ಮ ಕಂಟ್ರೋಲ್ ಲ್ಯಾಬಿನ ಹಂಚಿನ ಮಾಡು ಸೋರಿ, 16 ಹ್ಯಾಪ್ಟಿಕ್ ಪ್ಯಾಡಲ್‌ಗಳಲ್ಲಿ 11 ಹಾಳಾಗಿವೆ. ಹ್ಯಾಪ್ಟಿಕ್ ಪ್ಯಾಡಲ್ ಎಂದರೆ, ಹಿಡಿಕೆಯನ್ನು ಮೋಟಾರಿನಿಂದ ತಳ್ಳಿ ಸ್ಪ್ರಿಂಗ್, ಗೋಡೆಗಳ ಅನುಭವವನ್ನು ಕೈಗೆ ಕೊಡುವ ಪುಟ್ಟ ಯಂತ್ರ. ಮೋಟಾರ್ ಡ್ರೈವರ್ ಬೋರ್ಡುಗಳು ಸುಟ್ಟಿವೆ, ಕನೆಕ್ಟರುಗಳಿಗೆ ಹಸಿರು ಕಿಲುಬು ಹತ್ತಿದೆ. ಆಟಿ (ತುಳು ತಿಂಗಳು) ಕಳೆದ ಕೂಡಲೇ ಐದನೇ ಸೆಮಿಸ್ಟರಿನ ಲ್ಯಾಬ್ ಶುರು.

ಸಂಸ್ಥೆ ಬೆಳೆದ ಬಗೆಯನ್ನು ನಿಮಗೆ ಹೇಳಬೇಕಿಲ್ಲ, ಕಟ್ಟಿದವರೇ ನೀವು. ಈ ಪ್ಯಾಡಲ್‌ಗಳೂ ನಮ್ಮ ವರ್ಕ್‌ಶಾಪಿನಲ್ಲೇ ಆದವು ಎಂಬುದು ನಮಗೆ ದೊಡ್ಡ ಹೆಮ್ಮೆ. ಸ್ಟ್ಯಾನ್‌ಫರ್ಡ್‌ನ 'ಹ್ಯಾಪ್‌ಕಿಟ್' ವಿನ್ಯಾಸ ಯಾರು ಬೇಕಾದರೂ ಬಳಸುವಂಥದು. ಡಿಸಿ ಮೋಟಾರ್, ಶಾಫ್ಟಿನ ತುದಿಗೆ ಪುಟ್ಟ ಅಯಸ್ಕಾಂತ, ಅದರೆದುರು ಕೋನ ಅಳೆಯುವ ಸೆನ್ಸರ್, ಒಂದು ಕಂಟ್ರೋಲರ್ ಬೋರ್ಡು, ಅಕ್ರಿಲಿಕ್ ಹಿಡಿಕೆ. ಹಿಡಿಕೆಯನ್ನು ಎಳೆಯುವ ದಾರ ಮೋಟಾರಿನ ರಾಟೆಗೆ ಮೂರು ಸುತ್ತು ಬರಬೇಕು. ಒಂದೇ ಸುತ್ತಾದರೆ ಜಾರುತ್ತದೆ. ಘರ್ಷಣಾಂಕ ಬರೀ 0.2 ಇದ್ದರೂ ಮೂರು ಸುತ್ತಿನಲ್ಲಿ ಒಂದು ತುದಿಯ ಎಳೆತ ಇನ್ನೊಂದರ ಸುಮಾರು 43 ಪಟ್ಟು ಆಗುವ ತನಕ ದಾರ ಹಿಡಿದು ನಿಲ್ಲುತ್ತದೆ. ಸಾದಾ ನೈಲಾನ್ ಗಾಳದ ದಾರ ಹಿಗ್ಗುತ್ತದೆ, ಹೆಣೆದದ್ದೇ ಬೇಕು.

ಬೀಡಿ ಕಟ್ಟಿ, ಬಲೆ ಎಳೆದು ಓದಿಸುವ ಮನೆಗಳಿಂದ, ಕನ್ನಡ ಮಾಧ್ಯಮದಿಂದ ಬಂದ ಮಕ್ಕಳು ನಮ್ಮಲ್ಲಿ ಬಹಳ. ಇಂಗ್ಲಿಷಿನ 'ಸ್ಟೆಬಿಲಿಟಿ' (ಯಂತ್ರ ನಡುಗದೆ ನೆಲೆ ನಿಲ್ಲುವ ಗುಣ) ಅವರಿಗೆ ಬಾಯಿಪಾಠದ ಸೂತ್ರ. ಹಿಡಿಕೆ ಹಿಡಿದು ಪ್ರೋಗ್ರಾಮಿನಲ್ಲಿ ಸ್ಪ್ರಿಂಗಿನ ಬಿಗಿ ಏರಿಸಿದರೆ, ಕಣ್ಣಿಗೆ ಕಾಣದ ಗೋಡೆಯೊಂದು ಗಟ್ಟಿಯಾಗುತ್ತ ಹೋಗಿ, ಒಂದು ಹಂತದಲ್ಲಿ ಕೈಯೊಳಗೇ ಗಡಗಡ ನಡುಗತೊಡಗುತ್ತದೆ. ಕಂಟ್ರೋಲರ್ ಹಿಡಿಕೆ ಎಲ್ಲಿದೆಯೆಂದು ನೋಡುವುದು ಸೆಕೆಂಡಿಗೆ 1000 ಸಲ. ಎರಡು ನೋಟಗಳ ನಡುವೆ ಕೈ ಹಿಂದೆ ಸರಿದರೂ ಹಳೆಯ ಬಲವೇ ತಳ್ಳುತ್ತಿರುತ್ತದೆ. ಹಾಗೆ ಸೇರುವ ಶಕ್ತಿಯನ್ನು ಹೀರಲು ಯಂತ್ರದ ಡ್ಯಾಂಪಿಂಗ್ (ಚಲನೆಯನ್ನು ತಗ್ಗಿಸುವ ತಡೆ), ಬಿಗಿಯನ್ನು ನೋಟದ ಅವಧಿಯಿಂದ ಗುಣಿಸಿದ್ದರ ಅರ್ಧಕ್ಕಿಂತ ಹೆಚ್ಚಿರಬೇಕು. ಸೆಕೆಂಡಿಗೆ 200 ಸಲಕ್ಕೆ ಇಳಿಸಿದರೆ ಐದನೇ ಒಂದು ಬಿಗಿಗೇ ನಡುಕ! ಇದನ್ನು ಪ್ರತಿಯೊಬ್ಬರೂ ತಮ್ಮ ಕೈಯಲ್ಲೇ ಹಿಡಿದು ತಿಳಿಯಬೇಕು. ಈಗಿರುವ ಐದರಲ್ಲಿ 20 ಮಂದಿಯ ಬ್ಯಾಚ್ ನಡೆಸಿದರೆ ಒಬ್ಬರು ಹಿಡಿಯುತ್ತಾರೆ, ಮೂವರು ನೋಡುತ್ತಾರೆ.

ಪ್ಯಾಡಲ್ ಒಂದಕ್ಕೆ ಸುಮಾರು 5,000 ರೂಪಾಯಿ. ಮಾಡಿನ ರಿಪೇರಿಯೂ ಸೇರಿ ಒಂದೂಕಾಲು ಲಕ್ಷದ ಹತ್ತಿರ ಬೇಕು. ಉಪ್ಪುಗಾಳಿಗೆ ಈ ಬಾರಿ ಬೋರ್ಡುಗಳಿಗೆ ವಾರ್ನಿಷ್ ಲೇಪ ಕೊಡುತ್ತೇವೆ. ಒಂದು ಪ್ಯಾಡಲ್ಲಿನ ಖರ್ಚು ವಹಿಸಿಕೊಂಡರೂ ದೊಡ್ಡ ಉಪಕಾರ. ರಶೀದಿ ಕಚೇರಿಯಲ್ಲೇ ಸಿಗುತ್ತದೆ. ಹಳೆಯ 12 ವೋಲ್ಟ್ ಡಿಸಿ ಮೋಟಾರ್ ಇದ್ದರೆ ಅದನ್ನೂ ಕೊಡಿ. ಗೇರ್ ಇರುವುದು ಮಾತ್ರ ಬೇಡ, ಅದರಲ್ಲಿ ಕೈಗೆ ಸಿಗುವುದು ಗೇರಿನ ಘರ್ಷಣೆ, ಸ್ಪ್ರಿಂಗ್ ಅಲ್ಲ.

ಇತಿ,
ಟ್ರಸ್ಟಿಗಳು