ಮೆಗ್ನೀಸಿಯಂ ಸ್ಪ್ರೇ ಮಾಡುವವರ ಗಮನಕ್ಕೆ

ಮೈಗೆ ಹಚ್ಚಿಕೊಳ್ಳುವ ಮೆಗ್ನೀಸಿಯಂ ಎಣ್ಣೆ ಮಾಡುವುದು ಹೇಗೆ ಅಂತ ತುಂಬಾ ಜನ ಕೇಳಿದ್ದೀರಿ. ಹೆಸರಿಗಷ್ಟೇ ಎಣ್ಣೆ, ಅದು ಬರೀ ಉಪ್ಪುನೀರು. ಅರ್ಧ ಲೋಟ ಮೆಗ್ನೀಸಿಯಂ ಕ್ಲೋರೈಡ್ ಹರಳಿಗೆ ಅಷ್ಟೇ ಕುದಿಸಿದ ನೀರು ಹಾಕಿ ಕರಗಿಸಿ, ಆರಿದ ಮೇಲೆ ಸ್ಪ್ರೇ ಬಾಟಲಿಗೆ ತುಂಬಿ. ಎಪ್ಸಮ್ ಉಪ್ಪು ಬೇರೆ, ಅದು ಮೆಗ್ನೀಸಿಯಂ ಸಲ್ಫೇಟ್. ಮೊದಲು ಮೊಣಕೈ ಒಳಭಾಗಕ್ಕೆ ಸ್ವಲ್ಪ ಹಚ್ಚಿ ನೋಡಿ. ಗಾಯದ ಮೇಲಂತೂ ಬೇಡ. ನಾನು ಆಗಷ್ಟೇ ಶೇವ್ ಮಾಡಿದ ಕಾಲಿಗೆ ಹಚ್ಚಿಕೊಂಡು, ಚುರುಚುರು ಉರಿಗೆ ಬಚ್ಚಲಲ್ಲೇ ಕುಣಿದಿದ್ದೆ!

ಇನ್ನೊಂದು ಮಾತು. ಚರ್ಮದ ಮೂಲಕ ಇದು ಮೈಗೆ ಸಾಕಷ್ಟು ಸೇರುತ್ತದೆ ಅನ್ನುವುದಕ್ಕೆ ಗಟ್ಟಿ ಪುರಾವೆ ಇಲ್ಲ. ಊಟವೇ ವಾಸಿ: 100 ಗ್ರಾಂ ರಾಗಿಯಲ್ಲೇ ಸುಮಾರು 140 ಮಿಲಿಗ್ರಾಂ ಮೆಗ್ನೀಸಿಯಂ ಇದೆ. ಕಿಡ್ನಿ ತೊಂದರೆ ಇರುವವರು ಡಾಕ್ಟರನ್ನು ಕೇಳದೆ ಮೆಗ್ನೀಸಿಯಂ ಮಾತ್ರೆ ನುಂಗಬೇಡಿ.