ಬೆಂಕಿಪೊಟ್ಟಣ ಹೊರಗೆ, ಹೊಗೆ ಒಳಗೆ

ಮಾನ್ಯ ಸಂಪಾದಕರೇ,

ಕಳೆದ ತಿಂಗಳು ಮಗಳ ಊರಿಗೆ ಹೊರಟಿದ್ದಾಗ, ವಿಮಾನ ಬದಲಿಸಬೇಕಿದ್ದ ಒಂದು ನಿಲ್ದಾಣದಲ್ಲಿ ಮೂರು ಗಂಟೆ ಕಾಯಬೇಕಾಯಿತು. ಅಷ್ಟು ಜನಜಂಗುಳಿಯ ನಡುವೆಯೂ ಒಂದು ಸಾಲು ಕುರ್ಚಿ ಖಾಲಿ ಇದ್ದುದನ್ನು ಕಂಡು ಹೋಗಿ ಕುಳಿತೆ. ಅದು ಏಕೆ ಖಾಲಿ ಇತ್ತೆಂಬುದು ಕುಳಿತ ಮೇಲೆ ತಿಳಿಯಿತು. ನಾಲ್ಕು ಹೆಜ್ಜೆ ಆಚೆಗೆ ಧೂಮಪಾನದ ಕೊಠಡಿಯಿತ್ತು, ಅದರ ಬಾಗಿಲಿಗೆ ಯಾರೋ ಕಸದ ಬುಟ್ಟಿಯನ್ನು ಆನಿಸಿ ತೆರೆದೇ ಇಟ್ಟಿದ್ದರು. ನಾನೂ ಇಪ್ಪತ್ತೆರಡು ವರ್ಷ ಸಿಗರೇಟು ಸೇದಿ ಬಿಟ್ಟವನಾದ್ದರಿಂದ ಸೇದುವವರ ಚಡಪಡಿಕೆ ನನಗೆ ಗೊತ್ತಿದೆ, ಅವರ ಮೇಲೆ ನನಗೆ ಸಿಟ್ಟಿಲ್ಲ. ನನ್ನ ತಕರಾರು ಆ ಕೊಠಡಿಯ ಬಗ್ಗೆ.

2003ರ ಸಿಗರೇಟು ಮತ್ತು ಇತರ ತಂಬಾಕು ಉತ್ಪನ್ನಗಳ ಕಾಯ್ದೆಯ 4ನೇ ಕಲಮು ಸಾರ್ವಜನಿಕ ಸ್ಥಳಗಳಲ್ಲಿ ಧೂಮಪಾನವನ್ನು ನಿಷೇಧಿಸುತ್ತದೆಯಾದರೂ, ಕನಿಷ್ಠ ಮೂವತ್ತು ಕೊಠಡಿಗಳ ಹೋಟೆಲು, ಕನಿಷ್ಠ ಮೂವತ್ತು ಆಸನಗಳ ಉಪಾಹಾರ ಗೃಹ ಮತ್ತು ವಿಮಾನ ನಿಲ್ದಾಣಗಳಿಗೆ ಪ್ರತ್ಯೇಕ ಜಾಗ ಮಾಡಿಕೊಳ್ಳಲು ವಿನಾಯಿತಿ ನೀಡಿದೆ. 2008ರ ಅಕ್ಟೋಬರ್ 2ರಿಂದ ಜಾರಿಗೆ ಬಂದ ನಿಯಮಗಳು ಆ ಜಾಗ ಹೇಗಿರಬೇಕೆಂಬುದನ್ನು ಸಾಕಷ್ಟು ವಿವರವಾಗಿಯೇ ಹೇಳುತ್ತವೆ: ನಾಲ್ಕೂ ಕಡೆ ಪೂರ್ಣ ಎತ್ತರದ ಗೋಡೆ, ತಾನಾಗಿ ಮುಚ್ಚಿಕೊಳ್ಳುವ ಬಾಗಿಲು, ಹೊಗೆ ಕಟ್ಟಡದ ಉಳಿದ ಗಾಳಿಯೊಂದಿಗೆ ಬೆರೆಯದೆ ನೇರವಾಗಿ ಹೊರಹೋಗುವ ವ್ಯವಸ್ಥೆ ಮತ್ತು ಕಟ್ಟಡದ ಉಳಿದ ಭಾಗಕ್ಕಿಂತ ಕಡಿಮೆಯಾದ ಗಾಳಿಯ ಒತ್ತಡ. ಬುಟ್ಟಿ ಆನಿಸಿದ ಒಂದು ಬಾಗಿಲು ಇಷ್ಟೆಲ್ಲವನ್ನೂ ಕಾಗದದ ಮೇಲೆಯೇ ಉಳಿಸಿಬಿಡುತ್ತದೆ.

ಬಾಗಿಲು ಸರಿಯಾಗಿ ಮುಚ್ಚಿದರೂ ಸಮಸ್ಯೆ ಮುಗಿಯುವುದಿಲ್ಲ. ಜನ ಒಳಹೊರಗೆ ಓಡಾಡಲೇಬೇಕು, ಅವರ ಬೆನ್ನಿಗೇ ಹೊಗೆಯೂ ಬರುತ್ತದೆ. ಅಮೆರಿಕದ ರೋಗ ನಿಯಂತ್ರಣ ಮತ್ತು ತಡೆ ಕೇಂದ್ರ 2012ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಇಂಥ ಕೊಠಡಿಗಳ ಹೊರಗಿನ ಗಾಳಿಯಲ್ಲಿದ್ದ ಹೊಗೆಯ ಮಾಲಿನ್ಯವು ಪೂರ್ಣ ಧೂಮಪಾನ ಮುಕ್ತ ನಿಲ್ದಾಣಗಳಿಗಿಂತ ಐದು ಪಟ್ಟು ಹೆಚ್ಚಿತ್ತು. ಪ್ರಯಾಣಿಕನಾದರೂ ಎದ್ದು ಬೇರೆಡೆ ಹೋಗಬಹುದು; ಬೂದಿ ಬಟ್ಟಲುಗಳನ್ನು ಖಾಲಿ ಮಾಡಲು ಪಾಳಿಯಲ್ಲಿ ಮತ್ತೆ ಮತ್ತೆ ಒಳಗೆ ಹೋಗಬೇಕಾದ ಸ್ವಚ್ಛತಾ ಸಿಬ್ಬಂದಿ ಎಲ್ಲಿಗೆ ಹೋಗಬೇಕು? ಅಂದು ಆ ಕೊಠಡಿಗೆ ಹೋಗಿಬಂದ ಹೆಣ್ಣುಮಗಳು ಸೀರೆಯ ಸೆರಗನ್ನೇ ಮೂಗಿಗೆ ಕಟ್ಟಿಕೊಂಡಿದ್ದರು.

ಭದ್ರತಾ ತಪಾಸಣೆಯಲ್ಲಿ ನಮ್ಮ ಜೇಬಿನ ಬೆಂಕಿಪೊಟ್ಟಣ, ಲೈಟರುಗಳನ್ನು ಕಿತ್ತುಕೊಂಡು, ಒಳಗೆ ಗೋಡೆಗೇ ಒಂದು ವಿದ್ಯುತ್ ಲೈಟರನ್ನು ಅಳವಡಿಸಿಡುವ ಏರ್ಪಾಡು ನನಗೆ ಮೊದಲಿನಿಂದಲೂ ಸೋಜಿಗವೇ.

ಕೊಠಡಿಗಳನ್ನು ಮುಚ್ಚಿಬಿಟ್ಟರೆ ದೂರದ ಪ್ರಯಾಣದ ನಡುವೆ ಸಿಕ್ಕಿಕೊಂಡವರು ಕದ್ದುಮುಚ್ಚಿ ಶೌಚಾಲಯದಲ್ಲಿ ಸೇದಿ ಇನ್ನೂ ದೊಡ್ಡ ಅಪಾಯ ತಂದಾರು ಎಂಬ ವಾದವಿದೆ, ಅದನ್ನು ನಾನು ತಳ್ಳಿಹಾಕುವುದಿಲ್ಲ. ಆದರೆ ಅದಕ್ಕೆ ಉತ್ತರ ಗಾಜಿನ ಪೆಟ್ಟಿಗೆಯೇ ಆಗಬೇಕಿಲ್ಲ. ಕೆಲವು ವರ್ಷಗಳ ಹಿಂದೆ ಸಿಂಗಪುರದ ಚಾಂಗಿ ನಿಲ್ದಾಣದಲ್ಲಿ, ತಪಾಸಣೆ ಮುಗಿಸಿದವರಿಗಾಗಿಯೇ ಇದ್ದ ಬಯಲು ಕಳ್ಳಿತೋಟದಲ್ಲಿ ಸೇದುವವರಿಗೆ ಜಾಗ ಮಾಡಿಕೊಟ್ಟಿದ್ದನ್ನು ನೋಡಿದ್ದೆ. ಹೊಗೆ ಆಕಾಶಕ್ಕೆ ಹೋಗುತ್ತಿತ್ತು. ನಮ್ಮ ನಿಯಮಗಳು ಧೂಮಪಾನದ ಜಾಗವನ್ನು ಕೊಠಡಿ ಎಂದೇ ವ್ಯಾಖ್ಯಾನಿಸಿರುವುದರಿಂದ, ಇಂಥ ತೆರೆದ ಅಂಗಳಕ್ಕೆ ಅವಕಾಶ ಕೊಡುವಂತೆ ಕೇಂದ್ರ ಆರೋಗ್ಯ ಸಚಿವಾಲಯ ಮೊದಲು ಅವುಗಳನ್ನು ತಿದ್ದಬೇಕು.

ಕರ್ನಾಟಕವಂತೂ 2025ರಲ್ಲಿ ರಾಷ್ಟ್ರಪತಿಗಳ ಅಂಕಿತ ಪಡೆದ ತಿದ್ದುಪಡಿಯ ಮೂಲಕ ಸಾರ್ವಜನಿಕ ಸ್ಥಳದಲ್ಲಿ ಸೇದಿದವರಿಗೆ ವಿಧಿಸುವ ದಂಡದ ಮಿತಿಯನ್ನು 200 ರೂಪಾಯಿಯಿಂದ 1,000 ರೂಪಾಯಿಗೆ, ತಂಬಾಕು ಕೊಳ್ಳುವ ವಯಸ್ಸನ್ನು 18ರಿಂದ 21ಕ್ಕೆ ಏರಿಸಿದೆ. ದಂಡ ಏರಿಸಿದ ಮಾತ್ರಕ್ಕೆ ಅದನ್ನು ವಿಧಿಸುವವರು ಹುಟ್ಟಿಕೊಳ್ಳುವುದಿಲ್ಲ. ಬಸ್ ನಿಲ್ದಾಣವನ್ನು ನಿಯಮಗಳು ಸ್ಪಷ್ಟವಾಗಿ ಸಾರ್ವಜನಿಕ ಸ್ಥಳವೆಂದೇ ಹೇಳಿದ್ದರೂ, ವಿಮಾನ ನಿಲ್ದಾಣಗಳ ಹೊರಗೆ ಬಸ್ಸು, ಟ್ಯಾಕ್ಸಿಗೆ ಕಾಯುವ ಸಾಲಿನಲ್ಲಿ ಮಕ್ಕಳನ್ನು ಎತ್ತಿಕೊಂಡವರ ಪಕ್ಕದಲ್ಲೇ ಸಿಗರೇಟು ಹಚ್ಚುವವರನ್ನು ಯಾರೂ ತಡೆಯುವುದನ್ನು ನಾನು ಕಂಡಿಲ್ಲ.

ಯಾರಿಗೆ ದೂರು ಕೊಡಬೇಕೆಂಬುದನ್ನು, ಆ ವ್ಯಕ್ತಿಯ ಹೆಸರಿನ ಸಮೇತ, ಎದ್ದು ಕಾಣುವಂತೆ ಫಲಕದಲ್ಲಿ ಬರೆಯಬೇಕೆಂಬುದೂ 2008ರ ನಿಯಮವೇ. ಅಂದು ಮೂರು ಗಂಟೆ ಬಿಡುವಿದ್ದುದರಿಂದ ಆ ಫಲಕಕ್ಕಾಗಿ ನಾನು ಕಟ್ಟಡದ ಈ ತುದಿಯಿಂದ ಆ ತುದಿಯವರೆಗೆ ಹುಡುಕಿದೆ. ವಾಚುಗಳ ಮತ್ತು ಸುಗಂಧದ್ರವ್ಯಗಳ ಜಾಹೀರಾತು ಬೇಕಾದಷ್ಟಿದ್ದವು. ಕೊನೆಗೆ ಕಸದ ಬುಟ್ಟಿಯನ್ನು ನಾನೇ ಪಕ್ಕಕ್ಕೆ ಸರಿಸಿ ಬಾಗಿಲು ಮುಚ್ಚಿ ಬಂದೆ.

ಇತಿ,
ನಿಮ್ಮ ಓದುಗ
ಮೈಸೂರು