ಭಾನುವಾರದ ಕಥೆ ಓದು: 1453ರಲ್ಲಿ ಕಾನ್‌ಸ್ಟಾಂಟಿನೋಪಲ್ ಬೀಳದಿದ್ದರೆ?

ಎಲ್ಲರಿಗೂ ನಮಸ್ಕಾರ.

ಈ ಭಾನುವಾರ ಸಂಜೆ 5ಕ್ಕೆ ಗುಂಪಿನ ವಿಡಿಯೊ ಕಾಲ್‌ನಲ್ಲಿ ಕಥೆ ಓದು ಇದೆ. ಬರೆಯುತ್ತೇವೆ ಎಂದು ಹೆಸರು ಕೊಟ್ಟವರಿಗೆಲ್ಲ ಈ ಸೂಚನೆ. ವಿಷಯ ಗೊತ್ತಲ್ವಾ, 1453ರ ಮೇ 29ರಂದು ಬೈಜಾಂಟೈನ್ ಸಾಮ್ರಾಜ್ಯದ ರಾಜಧಾನಿ ಕಾನ್‌ಸ್ಟಾಂಟಿನೋಪಲ್ (ಈಗಿನ ಇಸ್ತಾಂಬುಲ್) ಆಟೋಮನ್ ತುರ್ಕರ ಕೈಸೇರದೆ ಉಳಿದಿದ್ದರೆ?

ಒಂದೇ ಒಂದು ಘಟನೆ ಬದಲಾಯಿಸಿ, ಅದಕ್ಕೂ ಹಿಂದಿನದು ಇದ್ದ ಹಾಗೇ ಇರಲಿ. ಫಿರಂಗಿ ಎರಕ ಹೊಯ್ಯುವ ಅರ್ಬನ್ ಮೊದಲು ಹೋದದ್ದು ಬೈಜಾಂಟೈನ್ ಚಕ್ರವರ್ತಿಯ ಹತ್ತಿರವೇ. ಬೊಕ್ಕಸದಲ್ಲಿ ದುಡ್ಡಿರಲಿಲ್ಲ, ಅವನು ಆಟೋಮನ್ ಸುಲ್ತಾನ ಎರಡನೇ ಮೆಹ್ಮದ್ ಕಡೆ ಸೇರಿಕೊಂಡ. ದುಡ್ಡು ಸಿಕ್ಕಿದ್ದರೆ? ಅಥವಾ ಮುತ್ತಿಗೆಯ ಕೊನೆಯ ದಿನ ಊರಿನ ಗೋಡೆ ಕಾಯುತ್ತಿದ್ದ ಜಿನೋವಾದ ಜುಸ್ಟಿನಿಯಾನಿಗೆ ಗಾಯವಾಗದಿದ್ದರೆ?

ಆದರೆ ಸುಮ್ನೆ ಗೆಲ್ಲಿಸಿಬಿಡಬೇಡಿ. ಒಳಗಿದ್ದ ಸೈನಿಕರು ಸುಮಾರು 7,000. ಸಾಮ್ರಾಜ್ಯ ಅಂದರೆ ಆಗ ಆ ಊರು, ಗ್ರೀಸಿನ ಮೊರಿಯಾ, ಇನ್ನೊಂದಿಷ್ಟು ಚೂರುಪಾರು. ಮುಂದಿನ ವರ್ಷ ಹೊಟ್ಟೆಗೇನು ಮಾಡುತ್ತಾರೆ ಅನ್ನುವುದೂ ಕಥೆಯಲ್ಲಿರಲಿ. (ನನ್ನ ಕಥೆ 1402ರ ಅಂಕಾರಾ ಯುದ್ಧದಿಂದ ಶುರು. ತೈಮೂರ್ ಅಲ್ಲಿ ಆಗಿನ ಆಟೋಮನ್ ಸುಲ್ತಾನ ಬಯಾಜಿದ್‌ನನ್ನು ಸೋಲಿಸಿದ್ದರಿಂದಲೇ ಈ ಊರಿಗೆ ಇನ್ನೂ ಐವತ್ತು ವರ್ಷ ಸಿಕ್ಕಿದ್ದು.)

500 ಪದ ದಾಟಬೇಡಿ, ಜಾಸ್ತಿಯಾದರೆ ಎಲ್ಲರದ್ದೂ ಓದಲು ಆಗುವುದಿಲ್ಲ. ಶುಕ್ರವಾರ ರಾತ್ರಿಯೊಳಗೆ ಇಲ್ಲೇ ಹಾಕಿ. ಯಾವ ಘಟನೆ ಆರಿಸಿದ್ದೀರಿ ಎಂದು ಇವತ್ತೇ ಒಂದು ಸಾಲು ತಿಳಿಸಿದರೆ ಒಳ್ಳೆಯದು. ಕೇಳಲು ಮಾತ್ರ ಬರುವವರೂ ‘ಬರುತ್ತೇನೆ’ ಎಂದು ಹಾಕಿ.